ಆನೆ ಇರುವುದು ಬೇಗ ತಿಳಿದರೆ

ಆನೆ ಎಲ್ಲಿದೆ ಎಂದು ಹೇಳುವುದೇ ನನ್ನ ಕೆಲಸ. ಹಾಗಂತ ಆನೆಯನ್ನು ಹತ್ತಿರದಿಂದ ನೋಡಿದವಳಲ್ಲ, ನೋಡುವ ಆಸೆಯೂ ಇಲ್ಲ. ತೋಟಗಳ ಅಂಚಿಗೆ ಕಟ್ಟಿದ ಕ್ಯಾಮೆರಾಗಳಿಂದ, ಕಾವಲಿನವರ ಮೊಬೈಲುಗಳಿಂದ ಸಣ್ಣ ಸಣ್ಣ ಫೈಲುಗಳು ರಾಶಿ ರಾಶಿ ಬಂದು ಬೀಳುತ್ತವೆ. ಬೆಳಿಗ್ಗೆ ಆನೇಮಹಲ್‌ನ ನಮ್ಮ ಮನೆಯ ಜಗುಲಿಯಲ್ಲಿ ಕೂತು ಅವನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಓದಿಸಿ, ಇವತ್ತು ಯಾವ ತೋಟದಲ್ಲಿ ಆನೆ ಇದೆ ಎಂದು ಜನರಿಗೆ ಮೆಸೇಜ್ ಕಳಿಸಬೇಕು.

ನನ್ನ ಪ್ರೋಗ್ರಾಂ ಒಂದು ಫೈಲು ಮುಗಿಸಿಯೇ ಇನ್ನೊಂದಕ್ಕೆ ಕೈಹಾಕುತ್ತಿತ್ತು. ಅಷ್ಟರಲ್ಲಿ ಆಳುಗಳನ್ನು ತುಂಬಿಕೊಂಡ ಜೀಪು ತೋಟ ಸೇರಿರುತ್ತಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ನನ್ನ ಮೆಸೇಜು. ಆ ಜೀಪಿನಲ್ಲಿ ನನ್ನ ಅವ್ವನೂ ಇರುತ್ತಿದ್ದಳು. ಅವಳು ಕುಂದೂರು ಕಡೆಯ ಎಸ್ಟೇಟೊಂದರಲ್ಲಿ ಕಾಫಿ ಹಣ್ಣು ಕೊಯ್ಯುತ್ತಾಳೆ.

ಹಾಗಾಗಿ ಒಂದಾದ ಮೇಲೊಂದು ಓದುವ ಆ ಲೂಪನ್ನು ಒಡೆದು, ಆಳಿಗೊಂದು ಸಾಲು ಹಂಚಿದ ಹಾಗೆ ಫೈಲುಗಳನ್ನು ಕಂಪ್ಯೂಟರಿನೊಳಗೆ ಲೆಕ್ಕ ಮಾಡುವ ಕೋರ್‌ಗಳಿಗೆ ಹಂಚಿ ಒಟ್ಟೊಟ್ಟಿಗೆ ಓದಿಸಿದೆ. ಮೊದಲ ಸಲ ಕೋರ್‌ಗಳೆಲ್ಲ ಒಂದೇ ಪಟ್ಟಿಗೆ ಬರೆಯಹೋಗಿ ಕಲಸುಮೇಲೋಗರವಾಯಿತು. ಆಲೂರಿನ ಆನೆ ದೋಣಿಗಲ್‌ನಲ್ಲಿ ಕಾಣಿಸಿಕೊಂಡಿತು. ಆಮೇಲೆ ಒಂದೊಂದಕ್ಕೂ ಬೇರೆ ಬೇರೆ ಪಟ್ಟಿ ಕೊಟ್ಟು, ಎಲ್ಲ ಮುಗಿದ ಮೇಲೆ ಒಂದೇ ಕಡೆ ಸೇರಿಸಿದೆ. ಸರಿಹೋಯಿತು.

ಮಾರನೆಯ ಬೆಳಿಗ್ಗೆ ಲೋಟದ ಕಾಫಿ ಆರುವುದರೊಳಗೆ ಉತ್ತರ ಬಂತು. ಹಿಗ್ಗಿ ಹೀರೇಕಾಯಿಯಾಗಿ ಪರದೆ ನೋಡಿದೆ. ಮರಿ ಜೊತೆಗಿರುವ ಹಿಂಡು ಅವ್ವ ಹೋಗುವ ಎಸ್ಟೇಟಿನ ಕೆಳಗಿನ ತೋಟದಲ್ಲಿತ್ತು.

ಮೆಸೇಜ್ ಕಳಿಸಿ, ಆಳುಗಳನ್ನು ನೋಡಿಕೊಳ್ಳುವ ರೈಟರ್‌ಗೆ ಫೋನ್ ಮಾಡಿದೆ. "ನೋಡ್ದೆ ಕಣಮ್ಮ. ಮೇಲ್ಗಡೆ ತೋಟಕ್ಕೆ ಹಾಕ್ತೀನಿ. ಹಣ್ಣು ಉದುರ್ತಾ ಐತೆ, ಮಳೆ ಬಂದ್ರೆ ಎಲ್ಲಾ ಹೋಗ್ಬುಡ್ತೈತೆ," ಎಂದರು. ಎರಡು ತೋಟಗಳ ನಡುವೆ ಇರುವುದು ಒಂದು ಮಣ್ಣುರಸ್ತೆ. ಆನೆಗೆ ಅದೇನು ದೊಡ್ಡದು.

ಬುತ್ತಿ ಕಟ್ಟುತ್ತಿದ್ದ ಅವ್ವನಿಗೆ, ಇವತ್ತು ಹೋಗಬೇಡ ಎಂದೆ.

"ಆನೆ ಇಲ್ದಿರೋ ದಿನ ನೋಡ್ಕಂಡು ಹೋಗೋದಾದ್ರೆ ವರ್ಷಕ್ಕೊಂದಿನ ಹೋಗ್ಬೇಕು," ಎಂದು ನಕ್ಕಳು.

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟೆಲ್ಲ ಮಾಡಿದ್ದು ಯಾರಿಗಾಗಿ ಎಂದು ಕೂಗಾಡಿದೆ. ಅವಳು ತಲೆಗೆ ಬಟ್ಟೆ ಸುತ್ತಿಕೊಂಡು, "ಮೊದ್ಲೇ ಹೇಳಿದ್ದು ಒಳ್ಳೇದಾಯ್ತು ಬಿಡು," ಎಂದು ಅಡುಗೆಮನೆಗೆ ಹೋಗಿ ಬಂದು ಜೀಪು ಹತ್ತಿದಳು. ಮೊದಲಾದರೆ ತಡವಾಯಿತೆಂದು ಪ್ರೋಗ್ರಾಮನ್ನಾದರೂ ಬೈಯುತ್ತಿದ್ದೆ. ಈಗ ಬೈಯಲು ಏನೂ ಉಳಿದಿರಲಿಲ್ಲ.

ಮಧ್ಯಾಹ್ನ ಕಾವಲಿನವನ ಹೊಸ ಫೈಲು ಬಂತು. ಹಿಂಡು ಮಣ್ಣುರಸ್ತೆ ದಾಟಿ ಮೇಲಕ್ಕೆ ಹೋಗಿತ್ತು. ರೈಟರ್ ಫೋನ್ ಎತ್ತಲಿಲ್ಲ. ಅವ್ವನಿಗೆ ಮಾಡಿದೆ. ನಮ್ಮದೇ ಅಡುಗೆಮನೆಯ ಅಕ್ಕಿ ಡಬ್ಬದ ಹಿಂದೆ ಅವಳ ಫೋನು ಕೂಗಿತು. ಆನೆ ಹತ್ತಿರವಿರುವಾಗ ಫೋನ್ ಸದ್ದಾದರೆ ಅದು ಮೇಲೆ ಬೀಳುತ್ತದೆಂಬ ಹೆದರಿಕೆ ಕೊಯ್ಯುವ ಹೆಂಗಸರಿಗೆಲ್ಲ ಇದೆ. ಆನೆ ಇರುವುದು ಮೊದಲೇ ತಿಳಿದಿದ್ದರಿಂದ ಅವಳು ಫೋನನ್ನು ಮನೆಯಲ್ಲೇ ಬಿಟ್ಟಿದ್ದಳು.

ಸಂಜೆಯವರೆಗೆ ಆ ಫೋನನ್ನು ಕೈಯಲ್ಲಿ ಹಿಡಿದು ಜಗುಲಿಯಲ್ಲಿ ಕೂತಿದ್ದೆ. ಜೀಪು ಬಂತು. ಅವ್ವ ಇಳಿದು, ನನ್ನ ಮುಖ ನೋಡಿ, "ಯಾಕೆ ಹಿಂಗೆ ಕೂತಿದ್ದೀಯ? ನಾಳೇನೂ ಮೊದ್ಲೇ ಹೇಳವ್ವ, ಫೋನ್ ಇಟ್ಟೋಗ್ತೀನಿ," ಎಂದಳು.