ಓದದೆ ಹಾಕಿದ ಸಹಿ

ನಾನು ಸಹಿ ಹಾಕುವುದು ಕನ್ನಡದಲ್ಲಿ. ದೆಹಲಿ ಕಡೆಗೆ ಬಂದು ಇಪ್ಪತ್ತಾರು ವರ್ಷವಾಯಿತು. ಬ್ಯಾಂಕಿನವರು ಹುಬ್ಬು ಗಂಟಿಕ್ಕಿದ್ದಾರೆ, ಯಾವುದೋ ಕಚೇರಿಯ ಗುಮಾಸ್ತ ‘ಇದು ಸಹಿಯೋ ರಂಗೋಲಿಯೋ’ ಎಂದು ಕೇಳಿದ್ದಾನೆ. ಏನಾದರೂ ಅಂದುಕೊಳ್ಳಲಿ, ನನ್ನ ಹೆಸರು ನನ್ನ ಅಕ್ಷರದಲ್ಲೇ ಇರಬೇಕು ಎಂಬುದು ನನ್ನ ಹಟ. ಮೂಗಿನ ತುದಿಯಲ್ಲೇ ಕೋಪ ಇರುವವಳು ಎಂದು ಊರಲ್ಲೂ ಹೇಳುತ್ತಿದ್ದರು, ಇಲ್ಲೂ ಹೇಳುತ್ತಾರೆ.

ಹೌಜ್ ಖಾಸ್ ಹತ್ತಿರದ ಎಂಜಿನಿಯರಿಂಗ್ ಸಂಸ್ಥೆಯಲ್ಲಿ ನಾನು ಪಾಠ ಮಾಡುತ್ತೇನೆ. ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆದವರಿಗೆ ಸೊನ್ನೆ ಕೊಡುತ್ತೇನೆ. ಹುಡುಗರು ಬಂದು ಗೋಗರೆದರೆ, ‘ಕಣ್ಣು ಕೊಟ್ಟಿರುವುದು ಯಾಕಪ್ಪಾ’ ಎಂದು ಕೇಳಿ ಕಳಿಸುತ್ತೇನೆ. ಇಷ್ಟೆಲ್ಲ ಜಂಬ ಕೊಚ್ಚಿಕೊಳ್ಳುವ ನಾನೇ ಒಂದು ಬೆಳಿಗ್ಗೆ, ಘಾಜಿಯಾಬಾದಿನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಲಿಫ್ಟಿನಲ್ಲಿ, ಒಂದು ಕಾಗದಕ್ಕೆ ಓದದೆ ಸಹಿ ಹಾಕಿದೆ. ಸೊಸೈಟಿಯ ಕಾರ್ಯದರ್ಶಿ ಪ್ಯಾಡು ಚಾಚಿ, ‘ಎಲ್ಲರೂ ಹಾಕಿದ್ದಾರೆ ಮೇಡಂ, ನಿಮ್ಮದೊಂದು ಬಾಕಿ’ ಎಂದರು. ಮೆಟ್ರೋ ತಪ್ಪಿಹೋಗುತ್ತದೆಂಬ ಅವಸರದಲ್ಲಿ ಗೀಚಿ ಓಡಿದೆ. ಆ ಗೀಚು ಒಬ್ಬ ಮುದುಕರನ್ನು ಮನೆಯಿಂದ ಹೊರಗೆ ಹಾಕುವ ಕಾಗದದ ಮೇಲಿತ್ತು.

ಆ ಮುದುಕರನ್ನು ನಾನು ದಿನಾ ಬಾಲ್ಕನಿಯಿಂದ ನೋಡುತ್ತಿದ್ದೆ, ಮಾತಾಡಿಸಿರಲಿಲ್ಲ. ಎಪ್ಪತ್ತು ದಾಟಿದ ಚೀನೀ ಮನುಷ್ಯ, ಒಬ್ಬರೇ, ಎರಡನೇ ಮಹಡಿಯಲ್ಲಿ ಬಾಡಿಗೆಗೆ ಇದ್ದರು. ಬೆಳಿಗ್ಗೆ ಆರಕ್ಕೆ ಒಂದು ನೀಲಿ ಬಕೆಟ್ಟು ಮತ್ತು ಪೊರಕೆಯಷ್ಟು ಉದ್ದದ ಕುಂಚ ಹಿಡಿದು ಕೆಳಗಿಳಿಯುತ್ತಿದ್ದರು. ಕುಂಚವನ್ನು ಬರೀ ನೀರಿಗೆ ಅದ್ದಿ, ನಡೆದಾಡುವ ಹಾದಿಯ ಕಲ್ಲುಚಪ್ಪಡಿಗಳ ಮೇಲೆ, ಒಂದು ಚಪ್ಪಡಿಗೆ ಒಂದರಂತೆ ದೊಡ್ಡ ದೊಡ್ಡ ಚೀನೀ ಅಕ್ಷರ ಬರೆಯುತ್ತ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದರು. ಮೇ ತಿಂಗಳಲ್ಲಂತೂ ನಾಲ್ಕನೆಯ ಅಕ್ಷರ ಮುಗಿಯುವಷ್ಟರಲ್ಲಿ ಮೊದಲನೆಯದು ಆರಿಹೋಗಿರುತ್ತಿತ್ತು. ಕೆಲಸವಿಲ್ಲದ ಕೆಲಸ ಎಂದುಕೊಂಡು ನಾನು ಚಹಾ ಕುಡಿಯುತ್ತಿದ್ದೆ.

ಸಹಿ ಹಾಕಿ ಎರಡು ವಾರಕ್ಕೆ, ಭಾನುವಾರ ಬೆಳಿಗ್ಗೆ, ಅವರೇ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಆ ಕಾಗದದ ಜೆರಾಕ್ಸ್. ಸಹಿಗಳ ಪಕ್ಕದಲ್ಲಿ ಮನೆಯ ನಂಬರು ಇತ್ತು. ಬೆರಳಿಟ್ಟು ತೋರಿಸಿ, ‘ಇದು ನಿಮ್ಮದೇ?’ ಎಂದು ಹಿಂದಿಯಲ್ಲಿ ಕೇಳಿದರು. ಅವರ ಹಿಂದಿಗೆ ಬಂಗಾಳಿಯ ರುಚಿ ಇತ್ತು.

ನಾನು ಆಗ ಓದಿದೆ, ಮೊದಲ ಸಲ, ಹೊಸ್ತಿಲಲ್ಲಿ ನಿಂತುಕೊಂಡು. ಹಾದಿಯಲ್ಲಿ ನೀರು ಚೆಲ್ಲುವುದರಿಂದ ಹಿರಿಯರು ಜಾರುತ್ತಾರಂತೆ. ಗಡಿಯಲ್ಲಿ ಇಂಥ ಪರಿಸ್ಥಿತಿ ಇರುವಾಗ ಯಾರಿಗೂ ಓದಲು ಬಾರದ ಅಕ್ಷರವನ್ನು ಎಲ್ಲರೂ ಓಡಾಡುವ ಜಾಗದಲ್ಲಿ ಬರೆಯುವುದು ಸರಿಯಲ್ಲವಂತೆ. ಆದ್ದರಿಂದ ಎರಡು ತಿಂಗಳ ನಂತರ ಕರಾರು ಮುಗಿದಾಗ ಮನೆಯ ಮಾಲೀಕರು ಅದನ್ನು ಮುಂದುವರಿಸಬಾರದಂತೆ. ಕೆಳಗೆ ನಲವತ್ತೊಂದು ಸಹಿ. ಅದರಲ್ಲಿ ನನ್ನದು ದೂರದಿಂದಲೇ ಗುರುತು ಸಿಗುತ್ತಿತ್ತು.

‘ಜಗಳಕ್ಕೆ ಬಂದಿಲ್ಲ,’ ಎಂದರು ಅವರು. ‘ಇಷ್ಟೂ ಸಹಿಗಳಲ್ಲಿ ಕೈಯಿಂದ ಬರೆದದ್ದು ಇದೊಂದೇ. ಉಳಿದವು ಪೆನ್ನು ತಾನೇ ಬರೆದದ್ದು. ಆದರೆ ಈ ಕೊನೆಯ ಸುತ್ತು ನೋಡಿ, ಓಡಿಹೋಗಿದೆ. ನೀವು ಓದಿಲ್ಲ, ಅಲ್ಲವೇ?’

‘ಓದಿಲ್ಲ,’ ಎಂದೆ.

‘ಅಚ್ಛಾ. ಇನ್ನೊಂದು ಕೇಳಬೇಕಿತ್ತು. ನೀವು ಎಲ್ಲ ಕಾಗದಗಳ ಮೇಲೂ ನಿಮ್ಮ ಅಕ್ಷರದಲ್ಲೇ ಹಾಕುತ್ತೀರಾ? ಯಾರೂ ಏನೂ ಮಾಡುವುದಿಲ್ಲವೇ?’

ಏನು ಮಾಡುತ್ತಾರೆ ಎಂದು ನನಗೆ ಅರ್ಥವಾಗಲಿಲ್ಲ. ಒಳಗಿಂದ ಪೆನ್ನು ತಂದು ನನ್ನ ಸಹಿಯನ್ನು ಹೊಡೆದುಹಾಕಲು ಹೋದೆ. ಅವರು ಕಾಗದವನ್ನು ಹಿಂದಕ್ಕೆ ಎಳೆದುಕೊಂಡರು. ‘ಬೇಡ. ನಮ್ಮ ಕೆಲಸದಲ್ಲಿ ತಿದ್ದುವ ಹಾಗಿಲ್ಲ. ಗೆರೆ ಕೆಟ್ಟರೆ ಕೆಟ್ಟಿತು, ಬೇರೆ ಹಾಳೆ ತೆಗೆದುಕೊಂಡು ಮತ್ತೆ ಬರೆಯಬೇಕು.’ ಬೈದಿದ್ದರೆ ಎಷ್ಟೋ ಮೇಲಿತ್ತು.

ಅದೇ ದಿನ ಕಾರ್ಯದರ್ಶಿಯ ಬಳಿ ಹೋಗಿ ಸಹಿ ವಾಪಸ್ ಕೊಡಿ ಎಂದೆ. ಅವರು ನಕ್ಕರು. ‘ಕಾಗದ ಮಾಲೀಕರಿಗೆ ಹೋಗಿಯಾಯಿತು. ಅಲ್ಲದೆ ನೀವು ಪ್ರೊಫೆಸರ್, ಓದದೆ ಹಾಕುತ್ತೀರಾ ಮೇಡಂ?’ ನಾನು ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ. ಜೀವನದಲ್ಲಿ ನಾನು ಹಾಗೆ ಬಾಯಿ ಮುಚ್ಚಿಕೊಂಡು ಬಂದ ಸಂದರ್ಭಗಳು ಬಹಳ ಇಲ್ಲ.

ಮರುದಿನ ಆರು ಗಂಟೆಗೆ ನಾನೂ ಒಂದು ಬಕೆಟ್ಟು ಹಿಡಿದು ಕೆಳಗಿಳಿದೆ. ಅವರು ಏನೂ ಕೇಳದೆ ಇನ್ನೊಂದು ಕುಂಚ ಕೊಟ್ಟರು, ಅಡ್ಡಗೆರೆ ಎಳೆಯಲು ಹೇಳಿದರು. ಒಂದೇ ಒಂದು ಅಡ್ಡಗೆರೆ. ನಮ್ಮ ಕನ್ನಡದ ಕೈ ನೇರ ಹೋಗುವುದೇ ಇಲ್ಲ ಎಂಬುದು ನನಗೆ ಆಗ ತಿಳಿಯಿತು. ಎಲ್ಲಿ ಹೊರಟರೂ ಕೊನೆಗೆ ಕೊಂಬು ತಿರುಗಿಸಿ ಸುತ್ತಿಬಿಡುತ್ತದೆ. ‘ನಿಮ್ಮ ಅಕ್ಷರಗಳಿಗೆ ಮನೆಗೆ ವಾಪಸ್ ಬರುವ ಅಭ್ಯಾಸ,’ ಎಂದು ಅವರು ತಮಾಷೆ ಮಾಡಿದರು. ಮೂರು ವಾರ ನಾನು ಅಡ್ಡಗೆರೆ ಬಿಟ್ಟು ಮತ್ತೇನೂ ಬರೆಯಲಿಲ್ಲ. ಬರೆದು ಮುಗಿದ ಮೇಲೆ ಒದ್ದೆ ಚಪ್ಪಡಿಗಳನ್ನೆಲ್ಲ ನಾನೇ ಬಟ್ಟೆಯಿಂದ ಒರೆಸುತ್ತಿದ್ದೆ, ಯಾರ ಮನೆಯ ಹಿರಿಯರೂ ಜಾರಬಾರದಲ್ಲ.

ಕಾರ್ಯದರ್ಶಿ ಒಂದು ದಿನ ಪುರಾವೆಗೆಂದು ಫೋಟೋ ತೆಗೆಯಲು ಬಂದರು. ಜೂನ್ ಬಿಸಿಲು. ಅವರು ಜೇಬಿನಿಂದ ಕನ್ನಡಕ ತೆಗೆದು, ಫೋನು ತೆರೆದು, ಬಗ್ಗಿ ನೋಡುವಷ್ಟರಲ್ಲಿ ಒಣ ಕಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ. ‘ತೆಗೆಯಿರಿ, ಕಲ್ಲು ಚೆನ್ನಾಗಿ ಬರುತ್ತದೆ,’ ಎಂದೆ. ನನಗೆ ಆ ದಿನ ಪರಮ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಬರೆದಾದ ಮೇಲೆ ಅವರ ಮನೆಯಲ್ಲಿ ಚಹಾ. ಮನೆ ತುಂಬ ಮಸಿಯ ವಾಸನೆ, ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟ ಚಿತ್ರಗಳು. ಬಿದಿರು, ಬೆಟ್ಟ ಇರುತ್ತವೆ ಎಂದುಕೊಂಡಿದ್ದೆ. ಇದ್ದದ್ದು ಎ.ಸಿ. ಪೆಟ್ಟಿಗೆಯ ಮೇಲೆ ಕೂತ ಪಾರಿವಾಳ, ಜೋತುಬಿದ್ದ ಕೇಬಲ್ಲು, ನೀರಿನ ಟ್ಯಾಂಕಿನ ಮೇಲೆ ಕೋತಿ. ಎಲ್ಲವೂ ಕಪ್ಪು ಮಸಿಯಲ್ಲಿ, ನಾಲ್ಕೈದು ಬೀಸಿನಲ್ಲಿ ಮುಗಿದವು. ‘ಬೆಟ್ಟ ನಾನು ನೋಡಿಲ್ಲ. ನೋಡಿದ್ದನ್ನು ಬರೆಯುತ್ತೇನೆ,’ ಎಂದರು.

ಅವರು ಹುಟ್ಟಿದ್ದು ಕೋಲ್ಕತ್ತಾದಲ್ಲಿ. ತಂದೆ ಚಪ್ಪಲಿ ಅಂಗಡಿ ಇಟ್ಟುಕೊಂಡು, ಚೀನೀ ಅಂಗಡಿಗಳಿಗೆಲ್ಲ ಬೋರ್ಡು ಬರೆಯುತ್ತಿದ್ದರು. ಚೀನಾ ಜೊತೆ ಯುದ್ಧವಾದ ವರ್ಷ ಇವರಿಗೆ ಎಂಟು ವರ್ಷ. ಮುಖ ನೋಡಿ ಇಡೀ ಮನೆಯವರನ್ನು ರೈಲು ಹತ್ತಿಸಿ, ರಾಜಸ್ಥಾನದ ಒಂದು ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲಿ ಹಾಳೆಯಿಲ್ಲ, ಮಸಿಯಿಲ್ಲ. ತಂದೆ ಚಿಂದಿ ಬಟ್ಟೆಯನ್ನು ಕಡ್ಡಿಗೆ ಕಟ್ಟಿ, ಕುಡಿಯುವ ನೀರಿನಲ್ಲೇ ಒಂದಿಷ್ಟು ಉಳಿಸಿ, ಇಟ್ಟಿಗೆಯ ಜಗುಲಿಯ ಮೇಲೆ ಅಕ್ಷರ ಕಲಿಸಿದರು. ಬಿಸಿಲಿಗೆ ಅಕ್ಷರ ಮುಗಿಯುವ ಮೊದಲೇ ಆರುತ್ತಿತ್ತು, ಅದಕ್ಕೇ ಹಿಂದೆ ನೋಡದೆ ಬರೆಯುವುದು ರೂಢಿಯಾಯಿತಂತೆ. ನಾಲ್ಕು ವರ್ಷದ ಮೇಲೆ ಬಿಟ್ಟರು. ಕೋಲ್ಕತ್ತಾಗೆ ಹೋಗಿ ನೋಡಿದರೆ ಅಂಗಡಿಯಲ್ಲಿ ಬೇರೆ ಯಾರೋ ಕೂತಿದ್ದರು.

‘ಕೊನೆಗೆ ದೆಹಲಿಗೆ ಬಂದು ಹೋಟೆಲುಗಳಿಗೆ ಬೋರ್ಡು ಬರೆದೆ, ಮದುವೆಯಾದೆ, ಹೆಂಡತಿಯನ್ನು ಕಳೆದುಕೊಂಡೆ,’ ಎಂದರು. ‘ತಂದೆ ಒಂದೇ ಮಾತು ಹೇಳಿದ್ದರು. ಚಿತ್ರದ ಮೇಲೆ ಏನು ಬೇಕಾದರೂ ಬರಿ, ಸರ್ಕಾರದ ಕಾಗದದ ಮೇಲೆ ಮಾತ್ರ ನಮ್ಮ ಅಕ್ಷರ ಬೀಳಬಾರದು. ರೇಷನ್ ಕಾರ್ಡು, ಬ್ಯಾಂಕು, ಹೆಂಡತಿಯ ಮರಣ ಪ್ರಮಾಣಪತ್ರ, ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಸಹಿ ಹಾಕಿದ್ದೇನೆ. ನನ್ನ ಹೆಸರನ್ನು ಅಧಿಕೃತವಾಗಿ ನಾನು ಒಮ್ಮೆಯೂ ಬರೆದಿಲ್ಲ.’

ಬಾಗಿಲಲ್ಲಿ ನಿಂತು ಅವರು ಕೇಳಿದ ಪ್ರಶ್ನೆ ನನಗೆ ಆಗ ಅರ್ಥವಾಯಿತು. ನಾನು ಹಟಕ್ಕೆ ಮಾಡುತ್ತ ಬಂದದ್ದನ್ನು ಈ ಮನುಷ್ಯ ಅರವತ್ತು ವರ್ಷದಿಂದ ಹೆದರಿ ಬಿಟ್ಟಿದ್ದರು. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

ಜುಲೈನಲ್ಲಿ ಮಾಲೀಕರ ಕಾಗದ ಬಂತು, ಕರಾರು ಮುಂದುವರಿಸುವುದಿಲ್ಲ ಎಂದು. ಅವರು ಚಿತ್ರಗಳನ್ನು ಸುರುಳಿ ಸುತ್ತಲು ಶುರುಮಾಡಿದರು. ನೋಯ್ಡಾದ ಮೂರು ಕಡೆ ನಾನೇ ದಲ್ಲಾಳಿಗಳಿಗೆ ಫೋನು ಮಾಡಿದೆ. ಫೋನಿನಲ್ಲಿ ಮನೆ ಖಾಲಿ ಇರುತ್ತಿತ್ತು, ಇವರ ಹೆಸರು ಹೇಳಿದ ಕೂಡಲೇ ಭರ್ತಿಯಾಗುತ್ತಿತ್ತು.

ಅವರು ಅವತ್ತು ‘ಬೇರೆ ಹಾಳೆ’ ಎಂದಿದ್ದರಲ್ಲ. ಸೊಸೈಟಿಯ ನಿಯಮಗಳ ಪುಸ್ತಕ ತೆಗೆದುಕೊಂಡು ಮೆಟ್ರೋದಲ್ಲಿ ಹೋಗುತ್ತ ಬರುತ್ತ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ, ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡು. ಮನೆಗೆ ಬಂದು, ಉತ್ತರಪತ್ರಿಕೆಗಳ ಕಟ್ಟು ಸುರಿದಿದ್ದ ಮೂರನೇ ಕೋಣೆಯ ಬಾಗಿಲಲ್ಲಿ ನಿಂತೆ. ಕಾಲೇಜಿನಿಂದ ಬಂದ ಮಗಳು ನನ್ನ ಮುಖ ನೋಡಿದಳು. ಇಲ್ಲೇ ಬೆಳೆದವಳು, ಕನ್ನಡ ಅರ್ಧ ದಾರಿಯಲ್ಲಿ ಕೈಬಿಡುತ್ತದೆ. ‘ಅಮ್ಮಾ, ಖಾಲಿ ಮಾಡೋಣ ನಾ. ತುಮ್ಹಾರೇ ಪೇಪರ್ಸ್ ಹೀ ತೋ ಹೈಂ,’ ಎಂದಳು. ನನ್ನ ಕಾಗದಗಳು ತಾನೇ, ಹೌದು. ಅವತ್ತೇ ಖಾಲಿ ಮಾಡಿದೆವು.

ಆ ಕೋಣೆಗೆ ಬಾಡಿಗೆಗೆ ಬರಲು ಅವರನ್ನು ಒಪ್ಪಿಸುವುದೇ ಕಷ್ಟವಾಯಿತು. ‘ನಿಮಗೆ ತೊಂದರೆ,’ ಎಂದರು. ‘ತೊಂದರೆ ಕೊಟ್ಟವಳು ನಾನು, ಚಲೋ, ಏಳಿ,’ ಎಂದೆ.

ಸೊಸೈಟಿ ಕಚೇರಿಯಲ್ಲಿ ಬಾಡಿಗೆದಾರರ ವಿವರದ ಅರ್ಜಿ ತುಂಬಬೇಕು. ಕಾರ್ಯದರ್ಶಿ ನಮ್ಮಿಬ್ಬರನ್ನೂ ನೋಡಿ, ‘ಕಮಿಟಿಯ ಅನುಮತಿ ಬೇಕು ಮೇಡಂ,’ ಎಂದರು. ನಾನು ಪುಸ್ತಕ ಬಿಡಿಸಿದೆ. ‘ಮಾಲೀಕರು ಮಾಹಿತಿ ಕೊಡಬೇಕು ಎಂದಿದೆ. ಅನುಮತಿ ಕೇಳಬೇಕು ಎಂದು ಎಲ್ಲಿದೆ, ತೋರಿಸಿ. ನಾನು ಮಾಲೀಕಳು.’ ಅವರು ಪುಟ ತಿರುಗಿಸಿದರು, ಮತ್ತೆ ತಿರುಗಿಸಿದರು, ಕೊನೆಗೆ ಅರ್ಜಿ ಮುಂದಕ್ಕೆ ತಳ್ಳಿದರು.

ನಾನು ಕುರ್ಚಿ ಎಳೆದುಕೊಂಡು ಕೂತು ಅದನ್ನು ಗಟ್ಟಿಯಾಗಿ ಓದಿದೆ. ಎರಡೂ ಬದಿ, ಕೆಳಗಿನ ಸಣ್ಣ ಅಕ್ಷರ ಸಮೇತ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು, ಅದರಲ್ಲಿ ಇಬ್ಬರು ಆ ನಲವತ್ತೊಂದರಲ್ಲಿದ್ದವರು. ಅವರಿಗೂ ಕೇಳಲಿ ಎಂದೇ ಓದಿದೆ. ಓದಿ ಮುಗಿಸಿ ಸಹಿ ಹಾಕಿದೆ. ಪಕ್ಕದಲ್ಲಿದ್ದ ಮುದುಕರು ಬಗ್ಗಿ ನೋಡಿ, ‘ಕೊನೆಯ ಸುತ್ತು ಸರಿಯಾಗಿದೆ,’ ಎಂದರು.

ಕೆಳಗಿನ ಸಾಲು ಬಾಡಿಗೆದಾರರದ್ದು. ಅವರು ನನ್ನ ಪೆನ್ನು ತೆಗೆದುಕೊಂಡರು. ತುಂಬ ಹೊತ್ತು ಕಾಗದ ನೋಡುತ್ತ ಕೂತರು. ಇಂಗ್ಲಿಷಿನ ಮೊದಲ ಅಕ್ಷರ ಬೀಳುತ್ತದೆ ಎಂದು ನಾನು ಕಾಯುತ್ತಿದ್ದೆ. ಅವರು ಎಡದಿಂದ ಬಲಕ್ಕೆ ಒಂದು ಅಡ್ಡಗೆರೆ ಎಳೆದರು.

‘ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹಾಕಿ,’ ಎಂದರು ಕಾರ್ಯದರ್ಶಿ.

‘ಇದು ನನ್ನ ಹೆಸರು,’ ಎಂದರು ಅವರು, ತಲೆ ಎತ್ತದೆ. ‘ತಿದ್ದುವ ಹಾಗಿಲ್ಲ.’

ಮೂರು ಚೀನೀ ಅಕ್ಷರ, ಒಂದರ ಕೆಳಗೆ ಒಂದು. ಶಾಯಿ ಆರಿತು, ಆರಿದ ಮೇಲೂ ಹೆಸರು ಅಲ್ಲೇ ಇತ್ತು. ಅವರು ಅದನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿ, ಕಾಗದವನ್ನು ಕಾರ್ಯದರ್ಶಿಯ ಕಡೆಗೆ ತಿರುಗಿಸಿ ಇಟ್ಟರು.