ಮಂಗಳವಾರದ ಬಿಸಿನೀರು

ಮಾರಾಯ್ರೆ, ಇವತ್ತು ಬೆಳಿಗ್ಗೆ ಗಡ್ಡ ತೆಗೆಯದೆಯೇ ಗಡ್ಡ ತೆಗೆದದ್ದಕ್ಕೆ ಬೈಸಿಕೊಂಡೆ.

ಅಪ್ಪ ತೀರಿಕೊಂಡ ಮೇಲೆ ಅವರ ಮಡಚುವ ಕ್ಷೌರದ ಕತ್ತಿ ಕಪಾಟಿನಲ್ಲೇ ಇತ್ತು. ಮೊನ್ನೆ ಮೆಲ್ಕಾರ್ ಪೇಟೆಯಲ್ಲಿ ಚಪ್ಪಲಿ ಹೊಲಿಯುವವರ ಕೈಯಲ್ಲಿ ಅದನ್ನು ಹರಿತ ಮಾಡಲು ಒಂದು ಚರ್ಮದ ಪಟ್ಟಿ ಮಾಡಿಸಿದೆ; ಅಪ್ಪನ ಹಳೆಯ ಪಟ್ಟಿ ಹರಿದುಹೋಗಿತ್ತು. ಇವತ್ತು ಪಟ್ಟಿಯನ್ನು ಜಗಲಿಯ ಕಿಟಕಿ ಸರಳಿಗೆ ಸಿಕ್ಕಿಸಿ, ಕತ್ತಿಯನ್ನು ಅದರ ಮೇಲೆ ಎಳೆಯುತ್ತಾ ನಿಂತೆ. ಎಳೆಬಿಸಿಲು ಅಲಗಿನ ಮೇಲೆ ಹತ್ತಿ ಇಳಿಯುತ್ತಿತ್ತು. ಆ ಸರ್ ಸರ್ ಸದ್ದಿಗೆ ನಾನು ಎಲ್ಲಿದ್ದೇನೆಂದೇ ಮರೆತುಹೋಯಿತು.

ತಿರುಗಿದರೆ ಅಮ್ಮ ಲೋಟದಲ್ಲಿ ಬಿಸಿನೀರು ಹಿಡಿದು ನಿಂತಿದ್ದಾರೆ. ಅಪ್ಪನಲ್ಲ, ನಾನು ಎಂದು ಮುಖ ನೋಡಿದ ಮೇಲೆಯೇ ಅವರಿಗೆ ಇವತ್ತು ಮಂಗಳವಾರವೆಂದೂ ನೆನಪಾದದ್ದು.

"ಮಂಗಳವಾರ ಯಾರಾದ್ರೂ ಗಡ್ಡ ತೆಗೀತಾರಾ?"

"ತೆಗೆಯುದಿಲ್ಲ ಅಮ್ಮ. ಕತ್ತಿ ಹರಿತ ಮಾಡುದು ಮಾತ್ರ. ಗಡ್ಡ ನಾಳೆ."

"ಮತ್ತೆ ಬಿಸಿನೀರು ಕೇಳಿದ್ದು ಯಾಕೆ?"

"ನಾನು ಕೇಳಲೇ ಇಲ್ಲ."

ಅಮ್ಮ ಪಟ್ಟಿಯ ಕಡೆ ನೋಡಿದರು. ಅಪ್ಪನೂ ಯಾವತ್ತೂ ಕೇಳಿದವರಲ್ಲ. ಪಟ್ಟಿಯ ಸದ್ದಾದರೆ ಒಳಗಿನಿಂದ ನೀರು ಬರುತ್ತಿತ್ತು.

"ಮಂಗಳವಾರ ಕತ್ತಿ ಎಳೆಯುದೂ ಒಳ್ಳೇದಲ್ಲ" ಎಂದು ಲೋಟವನ್ನು ಅಲ್ಲೇ ಇಟ್ಟು ಒಳಗೆ ಹೋದರು. ನಾನು ಅಲಗನ್ನು ಒರೆಸಿ, ತುಕ್ಕು ಹಿಡಿಯದಿರಲೆಂದು ತೊಟ್ಟು ತೆಂಗಿನೆಣ್ಣೆ ಸವರಿ ಮಡಚಿಟ್ಟೆ.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅಮ್ಮನ ಸ್ವರ ಬಂತು. "ನಿಲ್ಲಿಸಿದ್ದು ಯಾಕೆ?"

ಎಣ್ಣೆ ಒರೆಸಿ ಮತ್ತೆ ಎಳೆಯತೊಡಗಿದೆ. ಇನ್ನು ನಮ್ಮ ಮನೆಯಲ್ಲಿ ಮಂಗಳವಾರ ಗಡ್ಡಕ್ಕೆ ಮಾತ್ರ ರಜೆ, ಪಟ್ಟಿಗೆ ಇಲ್ಲ.