ಗೇಣಗಲ ಗೋಡೆ

ಕಡೂರು ಸೀಮೆಯ ಆರೋಗ್ಯಾಡಳಿತದ ಮುಂದೆ ಈ ಮಾರ್ಚಿನಲ್ಲಿ ಅತ್ಯಂತ ಗಹನವಾದ ಪ್ರಶ್ನೆಯೊಂದು ಬಂದು ನಿಂತಿತು: ಸರ್ಕಾರಿ ಕೆಮ್ಮಣ್ಣಿನಿಂದ ಗೋಡೆಯ ಮೇಲೆ ಯಾವ ಗೀಟು ಎಳೆಯಬಹುದು, ಯಾವುದನ್ನು ಎಳೆಯಬಾರದು? ಈ ಕುರಿತು ಮೂರು ಪತ್ರ, ಒಂದು ಜ್ಞಾಪನ ಓಡಾಡಿ, ಕೊನೆಗೆ ಒಂದು ನೋಟೀಸು ಹೊರಟಿತು.

ನೋಟೀಸು ಪಡೆದವರು ಬೆಳಗಿನ ಆರಕ್ಕೆ ಯಗಟಿಯ ಮನೆಯೊಂದರ ಮುಂದೆ ಸೈಕಲ್ ಒರಗಿಸಿ ಗೋಡೆಗೆ ಅಡ್ಡ ನಿಂತಿದ್ದಾರೆ. ದೊಡ್ಡಬೀರಪ್ಪ, ನಲವತ್ತೆರಡು ವರ್ಷ, ಮಲೇರಿಯಾ ಕಾರ್ಯಕರ್ತ. ಎದುರಿಗೆ ಸುಣ್ಣದ ಕುಂಚ ಹಿಡಿದ ದ್ಯಾಮಮ್ಮ. ಯುಗಾದಿಗೆ ಎಂಟೇ ದಿನ.

"ಇದೊಂದು ಗೇಣು ಬಿಟ್ಬಿಡವ್ವ."

"ಹಬ್ಬದ ಮನೆಗೆ ತ್ಯಾಪೆ ಹಾಕ್ದಂಗೆ ಕಾಣುತ್ತೆ ಕಣೋ. ಸೊಸೆ ನೋಡಿ ನಗ್ತಾಳೆ."

"ನಗ್ಲಿ ಬಿಡು. ಮೊನ್ನೆ ಮಟ ಕೆಮ್ತಾ ಬಿದ್ದಿದ್ಲು, ಈಗ ನಗಾಕೆ ಉಸಿರು ಬಂದೈತಲ್ಲ."

ಬೀರಪ್ಪ ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೂ ಹೋಗಬೇಕು. ಜ್ವರವಿದ್ದವರ ಬೆರಳಿನಿಂದ ರಕ್ತದ ಹನಿಯನ್ನು ಗಾಜಿಗೆ ತೆಗೆದು, ಬಾಗಿಲ ಪಕ್ಕದ ಗೋಡೆಯ ಚೌಕದಲ್ಲಿ ಇಲಾಖೆ ಕೊಟ್ಟ ಕೆಮ್ಮಣ್ಣಿನಿಂದ ತಾರೀಖು ಬರೆಯಬೇಕು. ದಿನಕ್ಕೆ ಅರವತ್ತು ಮನೆ, ಹದಿನೆಂಟು ಮೈಲಿ. 1978ರ ಈ ಬೇಸಿಗೆಯಲ್ಲಿ ಅವರು ತೆಗೆದ ನಾನ್ನೂರ ಹತ್ತೊಂಬತ್ತು ಗಾಜಿನಲ್ಲಿ ಒಂದರಲ್ಲೂ ಮಲೇರಿಯಾ ಇರಲಿಲ್ಲ. ಜ್ವರ ಮಾತ್ರ ಇತ್ತು.

ಅವರದು ಕುರಿ ಸಾಕುವ ಮನೆತನ. ಮಂದೆಗೆ ರೋಗ ಬಿದ್ದರೆ ಅವರಪ್ಪ ಮೊದಲು ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ತಿಳಿಯುತ್ತಿದ್ದರು. ಯಾವ ವಯಸ್ಸಿನವು ಮಲಗಿವೆಯೋ ಅವಕ್ಕೆ ಕೆಮ್ಮಣ್ಣಿನ ಗುರುತು. ಮಗ ಅದನ್ನೇ ಮನುಷ್ಯರಿಗೆ ಮಾಡಿದ್ದಾರೆ, ಬಾಯಿ ಬಿಡಿಸದೆ. ಇಪ್ಪತ್ತೈದರೊಳಗಿನವರಿಗೆ ಕೆಮ್ಮು, ಜ್ವರ ಬಂದರೆ ತಾರೀಖಿನ ಪಕ್ಕ ಒಂದು ಗೀಟು, ಮೇಲ್ಪಟ್ಟವರಿಗಾದರೆ ಚುಕ್ಕಿ. ಗೀಟು ನಾನ್ನೂರ ಹತ್ತಾದವು. ಚುಕ್ಕಿ ಒಂಬತ್ತು.

"ಮುದುಕ್ರನ್ನ ಮುಟ್ಟೇ ಇಲ್ಲ ಕಣ್ರೀ," ಎನ್ನುತ್ತಾರೆ ಬೀರಪ್ಪ. "ಎಂದಿನ ಜ್ವರ ಆಗಿದ್ರೆ ಅವರನ್ನ ಬಿಡ್ತಿತ್ತಾ? ಹುಡುಗ್ರ ಮೈ ಕಂಡಿರದ ಯಾವ್ದೋ ಬಂದೈತೆ, ಬೀರೂರಾಗೆ ರೈಲು ಹತ್ತಿ ಅಜ್ಜಂಪುರದ ಕಡೆ ಹೊಂಟೈತೆ ಅಂತ ಮೇಲಿನೋರಿಗೆ ಬರ್ಕೊಟ್ಟೆ."

ಬರೆದುಕೊಟ್ಟದ್ದೇ ತಪ್ಪಾಯಿತು. ಮಲೇರಿಯಾ ಕಾರ್ಯಕರ್ತನ ಕಣ್ಣಿಗೆ ಬೇರೆ ಜ್ವರ ಬೀಳಕೂಡದು. ಅದರ ಮೇಲೆ ಅಜ್ಜಂಪುರ ಪಕ್ಕದ ತರೀಕೆರೆ ತಾಲ್ಲೂಕು. ರೈಲು ಹೋಗಬಹುದು, ಕಡತ ಹೋಗುವಂತಿಲ್ಲ. ಮೇಲ್ವಿಚಾರಕ ಸೋಮಶೇಖರಪ್ಪ, ಬೀರಪ್ಪ ಈ ಲೆಕ್ಕ ಬರೆದಿಟ್ಟಿದ್ದ ನೋಟ್‌ಬುಕ್ ವಶಪಡಿಸಿಕೊಂಡು, ಏಳು ದಿನದಲ್ಲಿ ತಕ್ಕ ಸಮಜಾಯಿಷಿ ಬಾರದಿದ್ದರೆ ಕೆಲಸದಿಂದ ತೆಗೆಯುವುದಾಗಿ ಬರೆದರು.

"ಪುಸ್ತಕ ಕಿತ್ಕೊಂಡ್ರು. ಗೋಡೆ ಕಿತ್ಕೊಂಡು ಹೋಗ್ಲಿ, ನೋಡಾನ!"

ಗೋಡೆ ಅಳಿಸಲು ಇಲಾಖೆ ಬೇಕಿರಲಿಲ್ಲ, ಯುಗಾದಿಯ ಸುಣ್ಣ ಸಾಕಾಗಿತ್ತು. ತರೀಕೆರೆ ತಾಲ್ಲೂಕಿನ ಆರೋಗ್ಯಾಧಿಕಾರಿ ಡಾಕ್ಟರ್ ಮಲ್ಲಿಕಾಂಬ ಅವರಿಗೆ ಬೀರಪ್ಪ ಕಾಗದ ಹಾಕಿದ್ದಾರೆ. ಅವರು ಬಂದು ಕಣ್ಣಾರೆ ನೋಡುವವರೆಗೆ ಗೀಟು ಉಳಿಯಬೇಕು. ಅದಕ್ಕೇ ಮನೆಮನೆಯ ಮುಂದೆ ಈ ಗೇಣಿನ ಚೌಕಾಸಿ.

ಬುಧವಾರ ಡಾಕ್ಟರ ಜೀಪು ಬರುತ್ತದೆ. ಬೀದಿಯೆಲ್ಲ ಬೆಳ್ಳಗಿದೆ, ಬಾಗಿಲ ಪಕ್ಕ ಮಾತ್ರ ಕೆಂಪು ಕಲೆ.

"ಏನ್ರೀ ಬೀರಪ್ಪ, ಊರಿಗೆಲ್ಲ ಗಜ್ಜಿ ಹತ್ತಿದ ಹಾಗಿದೆಯಲ್ಲ?"

"ಇವನ್ದೇ ಕೆಲ್ಸ ಕಣವ್ವ," ಎನ್ನುತ್ತಾರೆ ದ್ಯಾಮಮ್ಮ. "ಬೇಗ ನೋಡಿ ಮುಗಿಸ್ರಿ, ಸುಣ್ಣ ಒಣಗ್ತೈತೆ."

ಮಲ್ಲಿಕಾಂಬ ನಲವತ್ತು ಗೋಡೆಗಳ ತಾರೀಖು ಬರೆದುಕೊಳ್ಳುತ್ತಾರೆ. ಮೊದಲ ಗೀಟುಗಳು ಬೀರೂರಿಗೆ ಓದಲು ಹೋಗಿಬರುವವರ ಮನೆಗಳಲ್ಲಿ, ಆಮೇಲಿನವು ಅವರ ತಮ್ಮ ತಂಗಿಯರಿಗೆ. ಗೋಡೆ ಸುಳ್ಳು ಹೇಳುತ್ತಿಲ್ಲವೆಂದು ಖಾತ್ರಿಯಾಗಿ, ಜೀಪು ಹತ್ತುವಾಗ ಕೇಳುತ್ತಾರೆ: "ನೋಟೀಸಿಗೆ ಏನಂತ ಉತ್ತರ ಕೊಟ್ರಿ?"

"ಬಂದು ಗೋಡೆ ನೋಡಿ ಅಂತ. ಒಂದೇ ಸಾಲು."

"ಕೆಲಸ ಹೋದರೆ?"

"ಕುರಿ ಅವೆ ತಾಯಿ. ಮುಂದೆ ಬರೋನಿಗಾದ್ರೂ ಫಾರಂನಾಗೆ ಕೆಮ್ಮಿಗೊಂದು ಕಾಲಂ ಹಾಕ್ಸಿ. ಕಂಡಿದ್ದನ್ನ ಬರೆಯಾಕೆ ಅವನು ಗೋಡೆ ಹುಡುಕಬಾರ್ದು."

ಅಂದೇ ಮಧ್ಯಾಹ್ನ ಡಾಕ್ಟರು ಅಜ್ಜಂಪುರದ ವಿದ್ಯಾರ್ಥಿನಿಲಯವೊಂದರಲ್ಲಿ ಜ್ವರದಿಂದ ಮಲಗಿದ್ದ ಏಳು ಜನರ ಗಂಟಲಿನ ದ್ರವ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ಮೂರು ವಾರದ ಮೇಲೆ ವರದಿ ಬಂತು: ಐದರಲ್ಲಿ ಹೊಸ ತಳಿಯ ಇನ್‌ಫ್ಲುಯೆಂಜಾ. ದೊಡ್ಡಬೀರಪ್ಪ ಕೆಲಸದಲ್ಲಿ ಮುಂದುವರಿದಿದ್ದಾರೆ.